‘ದೊಡ್ಡವಳನ್ನು ಯಾರ ಬಳಿ ಬಿಡಲಿ?’

(ಗುರುತು ಸಿಗದಂತೆ ಹೆಸರು ಮತ್ತು ಹಲವು ವಿವರಗಳನ್ನು ಬದಲಿಸಿದ್ದೇನೆ.)

ಸರೋಜಾ ನನ್ನ ಬಳಿ ಬಂದದ್ದು ನಿದ್ರೆ ಬರುತ್ತಿಲ್ಲ ಎಂಬ ದೂರಿನೊಂದಿಗೆ. ವಯಸ್ಸು 34. ಬೆಂಗಳೂರಿನ ಅಂಚಿನಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ನಡೆಸುವ ಶಿಶುವಿಹಾರದಲ್ಲಿ ಕೆಲಸ. ಮಕ್ಕಳಿಗೆ ಹಾಡು, ಬಣ್ಣ, ಅಕ್ಷರ ಕಲಿಸುವವರು ಬೇರೆ, ಇವರದು ಮನೆಭೇಟಿ. ಕಟ್ಟಡ ಕೆಲಸಕ್ಕೆ ವಲಸೆ ಬಂದವರ ತಗಡಿನ ಶೆಡ್ಡುಗಳಿಗೆ ಹೋಗಬೇಕು. ಮಗು ಏಕೆ ಬರಲಿಲ್ಲ, ಲಸಿಕೆ ಆಯಿತೇ, ಪಡಿತರ ಸಿಗುತ್ತಿದೆಯೇ, ಮನೆಯಲ್ಲಿ ಹೊಡೆತ ಬಡಿತ ಉಂಟೇ ಎಂದು ವಿಚಾರಿಸಿ, ಬೇಕಾದ ಕಡೆಗೆ ದಾರಿ ತೋರಿಸಬೇಕು.

ಅಮೆರಿಕದಲ್ಲಿ 1965ರಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಕಾರ್ಯಕ್ರಮದಲ್ಲಿ ಮಗುವಿನ ಜೊತೆ ಮನೆಯವರನ್ನೂ ವಿಚಾರಿಸಿಕೊಳ್ಳಲೆಂದೇ ಇಂಥ ಕಾರ್ಯಕರ್ತರಿದ್ದಾರೆ. ನಮ್ಮಲ್ಲಿ 1975ರಿಂದ ನಡೆದುಬಂದಿರುವ ಅಂಗನವಾಡಿಯಲ್ಲಿ ಪಾಠ, ಊಟ, ತೂಕ, ಮನೆಭೇಟಿ ಎಲ್ಲವೂ ಒಬ್ಬ ಕಾರ್ಯಕರ್ತೆಯ ತಲೆಯ ಮೇಲೆಯೇ. ಆ ಲೆಕ್ಕದಲ್ಲಿ ಸರೋಜಾ ಅದೃಷ್ಟವಂತೆ ಎಂದು ನಾನು ಮೊದಲು ಅಂದುಕೊಂಡಿದ್ದೆ.

ನಡೆದದ್ದು ಇಷ್ಟು. ಯಾದಗಿರಿ ಕಡೆಯ ಒಂದು ಕುಟುಂಬ. ನಾಲ್ಕು ವರ್ಷದ ಹುಡುಗಿ ಶಿಶುವಿಹಾರಕ್ಕೆ ಬರುತ್ತಿದ್ದಳು. ಅವಳ ತಮ್ಮನಿಗೆ 14 ತಿಂಗಳು. ಒಂದು ದಿನ ಸರೋಜಾ ಅವನ ಎಡತೋಳಿಗೆ ಅಳತೆಪಟ್ಟಿ ಸುತ್ತಿದರು. ನೋಡದವರಿಗೆ ಹೇಳುವುದಾದರೆ, ಅದು ಬೆರಳಗಲದ ಪ್ಲಾಸ್ಟಿಕ್ ಪಟ್ಟಿ. ಹಸಿರು, ಹಳದಿ, ಕೆಂಪು ಬಣ್ಣ. ಭುಜಕ್ಕೂ ಮೊಣಕೈಗೂ ನಡುವೆ, ತೋಳು ಸಡಿಲವಾಗಿ ಇಳಿಬಿದ್ದಿರುವಾಗ, ಬಿಗಿಯದೆ ಸುತ್ತಬೇಕು. 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಅಲ್ಲಿ 11.3 ಇತ್ತು. ಜೊತೆಗೆ ಜ್ವರ, ಊಟ ಬೇಡವೆಂಬ ಹಟ.

ಸರೋಜಾ ಓಡಾಡಿದರು. ವೈದ್ಯರಿಗೆ ತೋರಿಸಿ, ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹಾಸಿಗೆ ಕೊಡಿಸಿದರು. ಆಟೋ ಬಾಡಿಗೆ ಇವರದೇ, ಮೇಲೆ 1,500 ರೂಪಾಯಿ ಕೈಗಡ ಬೇರೆ. ತಾಯಿ ಮಗುವಿನ ಜೊತೆ 14 ದಿನ ಇರಬೇಕಾಗಿತ್ತು. ಮೂರನೆಯ ದಿನ, ಜ್ವರ ಇಳಿದ ಕೂಡಲೇ, ಆಕೆ ಯಾರಿಗೂ ಹೇಳದೆ ಮಗುವನ್ನು ಎತ್ತಿಕೊಂಡು ಶೆಡ್ಡಿಗೆ ಮರಳಿದಳು. ಸರೋಜಾ ಅಲ್ಲಿಗೇ ಹೋಗಿ, ಅಕ್ಕಪಕ್ಕದವರು ನೋಡುತ್ತಿರುವಾಗ, “ನೀನೂ ಒಬ್ಬ ತಾಯಿಯೇ?” ಎಂದುಬಿಟ್ಟರು. ಮರುದಿನದಿಂದ ದೊಡ್ಡ ಹುಡುಗಿಯೂ ಶಿಶುವಿಹಾರಕ್ಕೆ ಬರಲಿಲ್ಲ.

“ಅಷ್ಟೆಲ್ಲ ಮಾಡಿದೆ ಮೇಡಂ, ಕಡೆಗೆ ನನ್ನ ಮುಖಕ್ಕೇ ಬಾಗಿಲು ಹಾಕಿದಳು,” ಎಂದು ಅತ್ತರು. ಶೆಡ್ಡಿಗೆ ಬಾಗಿಲೇ ಇಲ್ಲ, ಸೀರೆಯ ಪರದೆ ಇದೆ ಎಂದು ತಾವೇ ತಿದ್ದಿಕೊಂಡರು.

ಮಗು ಈಗ ಹೇಗಿದೆ ಎಂಬುದನ್ನು ಮೊದಲು ಕೇಳಿದೆ. ಆಶಾ ಕಾರ್ಯಕರ್ತೆ ಎರಡು ದಿನಕ್ಕೊಮ್ಮೆ ನೋಡುತ್ತಿದ್ದರು. ಉಣ್ಣುತ್ತಿದ್ದ, ಪಾದದಲ್ಲಿ ಊತವಿರಲಿಲ್ಲ. ಮತ್ತೆ ಜ್ವರ ಬಂದರೆ, ಊಟ ಬಿಟ್ಟರೆ, ಊತ ಕಂಡರೆ ಯಾರ ಮುನಿಸನ್ನೂ ಲೆಕ್ಕಿಸದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಮಾತಾಯಿತು. ಆಮೇಲೆ ನಾನೊಂದು ತಪ್ಪು ಮಾಡಿದೆ. ಇಷ್ಟು ಸಿಟ್ಟಿಗೆ ಹಳೆಯ ಬೇರು ಇರಬಹುದೆಂದು ಅವರ ಬಾಲ್ಯದ ಕಡೆಗೆ ಹೊರಳಿದೆ. ಸರೋಜಾ ಕಣ್ಣೊರೆಸಿಕೊಂಡು, “ನನ್ನ ಬಾಲ್ಯ ಚೆನ್ನಾಗಿಯೇ ಇತ್ತು ಮೇಡಂ,” ಎಂದರು. ಅದು ನನಗೆ ಬೇಕಾಗಿಯೇ ಇತ್ತು.

ಎರಡನೆಯ ಭೇಟಿಯಲ್ಲಿ ಒಂದು ಬಿಳಿ ಹಾಳೆ ಕೊಟ್ಟು, ಆ 14 ದಿನಗಳಲ್ಲಿ ಆ ತಾಯಿ ಏನೇನು ಕಳೆದುಕೊಳ್ಳುತ್ತಿದ್ದಳು ಎಂದು ಬರೆಯಲು ಹೇಳಿದೆ. ‘ಕೂಲಿ’ ಎಂದು ಬರೆದು ಪೆನ್ನು ನಿಂತಿತು. ಕೇಂದ್ರದಲ್ಲಿ ಕೂಲಿ ನಷ್ಟಕ್ಕೆ ಪರಿಹಾರವಿದೆಯಲ್ಲ ಎಂದು ಅದನ್ನೂ ಹೊಡೆದುಹಾಕಲು ಹೊರಟರು. ತಡೆದೆ. ಮಾತಾಡುತ್ತಾ ಒಂದೊಂದೇ ಹೊರಬಂತು. ಮೇಸ್ತ್ರಿ ಮುಂಗಡ ಕೊಟ್ಟಿದ್ದು ಗಂಡ–ಹೆಂಡತಿ ಜೋಡಿಗೆ. ಒಬ್ಬರು ಕೆಲಸಕ್ಕೆ ಬಾರದಿದ್ದರೆ ಆ ದಿನಗಳು ಸಾಲಕ್ಕೆ ಸೇರುತ್ತವೆ. ಪರಿಹಾರ ಜಮೆಯಾಗಲು ಆಕೆಯ ಹೆಸರಿನ ಬ್ಯಾಂಕ್ ಖಾತೆಯ ಪುಸ್ತಕ ಬೇಕು, ಅದು ಊರಿನಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿದೆ. ದೊಡ್ಡ ಹುಡುಗಿಯನ್ನು ಶಿಶುವಿಹಾರ ಮಧ್ಯಾಹ್ನ ಎರಡಕ್ಕೆ ಬಿಡುತ್ತದೆ, ಗಂಡ ಬರುವುದು ಆರರ ಮೇಲೆ. ಆ ನಾಲ್ಕು ಗಂಟೆ, ಗಂಡಸರೇ ಹೆಚ್ಚಿರುವ ಶೆಡ್ಡುಗಳ ಸಾಲಿನಲ್ಲಿ, ನಾಲ್ಕು ವರ್ಷದ ಹೆಣ್ಣುಮಗು.

ಇದಿಷ್ಟೂ ಸರೋಜಾರಿಗೆ ಗೊತ್ತಿದ್ದ ಸಂಗತಿಯೇ. ಆಸ್ಪತ್ರೆಗೆ ಹೊರಡುವ ಮುನ್ನ ಆಕೆ, “ಅಕ್ಕ, ದೊಡ್ಡವಳನ್ನು ಯಾರ ಬಳಿ ಬಿಡಲಿ?” ಎಂದು ಕೇಳಿಯೂ ಇದ್ದಳಂತೆ. “ಅದನ್ನೆಲ್ಲ ಆಮೇಲೆ ನೋಡೋಣ, ಮೊದಲು ಆಟೋ ಹತ್ತು” ಎಂದಿದ್ದರು ಸರೋಜಾ. ಹಾಳೆಯನ್ನು ಮಡಚಿ ಬಹಳ ಹೊತ್ತು ಸುಮ್ಮನೆ ಕುಳಿತರು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅವರಿಗೆ ಹಿಡಿಸಲಿಲ್ಲ: ಹೋಗಿ ತಪ್ಪಾಯಿತೆಂದು ಹೇಳಿ, ಅಳತೆಪಟ್ಟಿ, ರಿಜಿಸ್ಟರು, ಕೇಂದ್ರದ ಮಾತು ಯಾವುದೂ ಅಂದು ಬೇಡ. ಬೈದದ್ದು ನಾಲ್ಕು ಜನರ ಮುಂದೆ ಆದ್ದರಿಂದ ಕ್ಷಮೆಯೂ ನಾಲ್ಕು ಜನರಿಗೆ ಕೇಳುವಂತಿರಲಿ. “ನನ್ನ ಮರ್ಯಾದೆ?” ಎಂದರು. ಆಕೆಗೂ ಅಷ್ಟೇ ಇತ್ತು ಎಂದೆ.

ಇನ್ನು ಮುಂದೆ ಯಾವ ಮನೆಗೆ ಹೋದರೂ ನಮೂನೆಯ ಪ್ರಶ್ನೆಗಳಿಗೆ ಮೊದಲು, ‘ಇದನ್ನು ಮಾಡಿದರೆ ನಿನಗೆ ಏನು ತೊಂದರೆಯಾಗುತ್ತದೆ?’ ಎಂದು ಕೇಳಿ. ಉತ್ತರ ಬರುವ ತನಕ ಆಟೋ ಕರೆಯಬೇಡಿ. ಪ್ರಾಣಾಪಾಯದ ಮಾತು ಬೇರೆ. ಕೈಗಡ ನಿಲ್ಲಿಸಿ, ತುರ್ತಿಗೆ ಹಣ ಬೇಕಾದರೆ ಸಂಸ್ಥೆಯ ಲೆಕ್ಕದಲ್ಲಿ ಕೊಡಲಿ. ಸಾಲ ಕೊಟ್ಟವಳ ಎದುರು ಆಕೆ ‘ಆಗುವುದಿಲ್ಲ’ ಎನ್ನಲಾರಳು, ಆದ್ದರಿಂದಲೇ ಹೇಳದೆ ಹೊರಟಳು. ರಾತ್ರಿ ಎಂಟರ ಮೇಲೆ ಫೋನು ಎತ್ತಬೇಡಿ. ಮಕ್ಕಳ ತೊಂದರೆಗೆ 1098, ಹೆಂಗಸರ ಮೇಲಿನ ಹಿಂಸೆಗೆ 181, ಜೀವಕ್ಕೆ ಅಪಾಯವಾದರೆ 112 ಎಂದು ಚೀಟಿಯಲ್ಲಿ ಬರೆದು ಕೊಟ್ಟಿರಿ. ಓದು ಬಾರದವರ ಮೊಬೈಲಿನಲ್ಲಿ ನೀವೇ ಹಾಕಿಕೊಡಿ.

ಗುಟ್ಟಿನ ವಿಷಯ ಅವರೇ ಎತ್ತಿದರು. ‘ಯಾರಿಗೂ ಹೇಳಬೇಡಿ ಅಕ್ಕ’ ಎಂದು ಹೇಳಿಸಿಕೊಂಡ ಮಾತುಗಳೇ ರಾತ್ರಿ ಎಬ್ಬಿಸುತ್ತವಂತೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಅದರಲ್ಲಿ ಕಾರ್ಯಕರ್ತೆಗೆ ವಿನಾಯಿತಿ ಇಲ್ಲ. ಈ ಒಂದನ್ನು ಮುಚ್ಚಿಡಲಾರೆ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡಿ, ಉಳಿದ ಭಾರವನ್ನು ವಾರಕ್ಕೊಮ್ಮೆ ಮೇಲ್ವಿಚಾರಕಿಯ ಮುಂದೆ ಇಳಿಸಿ ಎಂದೆ.

ಕ್ಷಮೆ ಕೇಳಲು ಹೋಗುವುದಕ್ಕೆ ಸರೋಜಾ ಎಂಟು ದಿನ ತೆಗೆದುಕೊಂಡರು. ಆ ತಾಯಿ ಏನೂ ಮಾತಾಡದೆ ಚಹಾ ಕೊಟ್ಟಳಂತೆ. ನಂತರದ ಭೇಟಿಯಲ್ಲಿ ಅಳತೆಪಟ್ಟಿಯನ್ನು ಆಕೆಯ ಕೈಗೇ ಕೊಟ್ಟರು. ಮನೆಯಲ್ಲಿ ತಾಯಂದಿರೇ ಅಳೆಯುವ ಪದ್ಧತಿ ಹಲವು ದೇಶಗಳಲ್ಲಿ ಇದೆ, ಅದೇನು ಕಷ್ಟದ ವಿದ್ಯೆಯಲ್ಲ. ಆಕೆ ಅದನ್ನು ಮೊದಲು ಸುತ್ತಿದ್ದು ದೊಡ್ಡವಳ ತೋಳಿಗೆ. ಹಸಿರು. ನಂತರ ಚಿಕ್ಕವನದು, ಹಳದಿಯ ಅಂಚು.

ಸಂಸ್ಥೆಯವರು ಸಂಜೆ ಆರರ ತನಕ ಮಕ್ಕಳನ್ನು ಇಟ್ಟುಕೊಳ್ಳುವ ಬಗ್ಗೆ ಯೋಚಿಸುತ್ತಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ. ದೊಡ್ಡ ಹುಡುಗಿ ಈಗ ಮತ್ತೆ ಬರುತ್ತಿದ್ದಾಳೆ. 1,500 ರೂಪಾಯಿ ಬಂದಿಲ್ಲ. ಕಳೆದ ವಾರ ನನ್ನ ಬಳಿ ಬರಬೇಕಿದ್ದ ದಿನ ಸರೋಜಾ ಫೋನ್ ಮಾಡಿ, ತಾಯಂದಿರ ಸಭೆ ಇದೆ, ಬರಲಾಗುವುದಿಲ್ಲ ಎಂದರು. ಹೊತ್ತು ನೋಡಿದೆ. ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು.