ಒಂಬತ್ತನೇ ಕ್ಲಾಸಿನ ಹುಡುಗಿಗೆ ಕೋಡಿಂಗ್ ಕ್ಲಾಸ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮಗಳು 9ನೇ ಕ್ಲಾಸು, ಮೂಡಿಗೆರೆ ಹತ್ತಿರ ತೋಟದ ಮನೆ, ರೇಡಿಯೊ, ಟಾರ್ಚು ಏನು ಸಿಕ್ಕರೂ ಬಿಚ್ಚಿ ಹಾಕ್ತಾಳೆ, ಮುಂದೆ ಟೆಕ್ನಾಲಜಿ ಕೆಲಸಕ್ಕೇ ಹೋಗ್ತೀನಿ ಅಂತಾಳೆ. ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ದುಡ್ಡು ಕಟ್ಟೋದಾ?

ನನ್ನ ಕೇಳಿದರೆ, ಈಗಲೇ ಬೇಡ. ಆ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ (8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಇದ್ದರೆ ಧಾರಾಳ), ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಎರಡು ಇಎಸ್‌ಪಿ32 ಬೋರ್ಡ್ (ಕೋಡ್ ಬರೆದು ಓಡಿಸಬಹುದಾದ, ವೈಫೈ ಇರುವ ಪುಟ್ಟ ಕಂಪ್ಯೂಟರ್) ಕೊಡಿಸಿ. ಎರಡು ಯಾಕೆಂದರೆ ಒಂದು ಸುಟ್ಟೇ ಸುಡುತ್ತೆ: ಅದರ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ಕೊಟ್ಟರೆ ತಡೆಯಲ್ಲ. ಆಮೇಲೆ ಮನೆಗೆ ನಿಜಕ್ಕೂ ಬೇಕಾದ ಒಂದೇ ಒಂದು ವಸ್ತು ಮಾಡಲಿ. ಷರತ್ತು ಏನಪ್ಪಾ ಅಂದ್ರೆ ಅದು ಒಂದು ಮಳೆಗಾಲ ಪೂರ್ತಿ ಓಡಬೇಕು. ಎಲ್‌ಇಡಿ ಮಿನುಗಿಸೋಕೆ ಒಂದು ಮಧ್ಯಾಹ್ನ ಸಾಕು, ಕಲಿಯೋದೆಲ್ಲ ಅದು ಕೆಟ್ಟಾಗ.

ತೋಟದವರಿಗೆ ಹೇಳಿ ಮಾಡಿಸಿದ್ದು ರೈನ್ ಗೇಜ್. ಇಷ್ಟು ಇಂಚು, ಇಷ್ಟು ಸೆಂಟ್ಸ್ ಅಂತ ಮಳೆ ಬರೆದಿಡೋ ಪುಸ್ತಕ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತೆ. ಒಂದು ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು, 0.254 ಮಿ.ಮೀ. 20 ಸೆಂ.ಮೀ. ಬಾಯಿಯ ಆಲಿಕೆಯ ವಿಸ್ತೀರ್ಣ 314 ಚದರ ಸೆಂ.ಮೀ., ಹಾಗಾಗಿ ಒಂದು ಸೆಂಟು ಮಳೆಗೆ ಅದರಲ್ಲಿ ಬೀಳೋದು ಹತ್ತಿರ ಹತ್ತಿರ 8 ಮಿ.ಲೀ. ನೀರು. ಆಲಿಕೆ ಕೆಳಗೆ ನಡುವೆ ಅಡ್ಡಗೋಡೆ ಇರುವ ಜೋಡಿ ಬಟ್ಟಲು, ಏತದ ಹಾಗೆ ಅತ್ತಿತ್ತ ವಾಲುವಂಥದ್ದು. ಒಂದು ಕಡೆ 8 ಮಿ.ಲೀ. ತುಂಬಿದರೆ ವಾಲಿ ಚೆಲ್ಲುತ್ತೆ, ಇನ್ನೊಂದು ಕಡೆ ತುಂಬೋಕೆ ಶುರು. ಬಟ್ಟಲಿಗೆ ಅಂಟಿಸಿದ ಆಯಸ್ಕಾಂತ ಪ್ರತಿ ಸಲ ರೀಡ್ ಸ್ವಿಚ್ಚಿನ (ಆಯಸ್ಕಾಂತ ಹತ್ತಿರ ಬಂದರೆ ತಾನೇ ಆನ್ ಆಗೋ ಸ್ವಿಚ್ಚು) ಮುಂದೆ ಹಾದುಹೋಗುತ್ತೆ. ಬೋರ್ಡ್ ಅದನ್ನ ಎಣಿಸುತ್ತೆ, ಒಂದು ಎಣಿಕೆ ಅಂದರೆ ಒಂದು ಸೆಂಟು.

ಅಳತೆ ಕೂರಿಸೋಕೆ 400 ಮಿ.ಲೀ. ನೀರನ್ನ ಬಾಟಲಿಗೆ ಸಣ್ಣ ತೂತು ಮಾಡಿ ತೊಟ್ಟು ತೊಟ್ಟಾಗಿ ಬಿಡಬೇಕು. 50 ಸಲ ವಾಲಬೇಕು. ಜಾಸ್ತಿ ಬಂದರೆ ಬಟ್ಟಲು ಬೇಗ ವಾಲ್ತಿದೆ ಅಂತ ಅರ್ಥ, ಅದು ಬಂದು ಕೂರುವ ಎರಡೂ ಸ್ಕ್ರೂಗಳನ್ನ ಒಂದೇ ಸಮ ಇಳಿಸಿ. ಕಮ್ಮಿ ಬಂದರೆ ಏರಿಸಿ. ಗೇಜ್ ಮಟ್ಟಸವಾಗಿ ಕೂತಿಲ್ಲದಿದ್ದರೆ ಇಷ್ಟೂ ವ್ಯರ್ಥ, ಮೊದಲು ರಸಮಟ್ಟ ಇಟ್ಟು ನೋಡಲಿ.

ಇನ್ನು ಕೆಡೋ ವಿಷಯಗಳು. ಕಂಪ್ಯೂಟರಿಗೆ ಬೋರ್ಡ್ ಕಾಣಲೇ ಇಲ್ಲ ಅಂದ್ರೆ ಹತ್ತರಲ್ಲಿ ಎಂಟು ಸಲ ತಪ್ಪು ಕೇಬಲಿನದು, ಚಾರ್ಜಿಂಗಿಗೆ ಮಾತ್ರ ಅಂತ ಬರೋ ಕೇಬಲಲ್ಲಿ ಡೇಟಾ ತಂತಿಯೇ ಇರಲ್ಲ. ಒಂದು ಸಲ ವಾಲಿದ್ದಕ್ಕೆ ಮೂರು ನಾಲ್ಕು ಎಣಿಸಿದರೆ ಅದು ರೀಡ್ ಸ್ವಿಚ್ಚಿನ ಅದುರು, ಒಂದು ಎಣಿಕೆ ಆದ ಮೇಲೆ 200 ಮಿಲಿಸೆಕೆಂಡ್ ಏನನ್ನೂ ಲೆಕ್ಕಕ್ಕೆ ತಗೋಬಾರದು ಅಂತ ಬರೆದರೆ ಸರಿಹೋಗುತ್ತೆ. ಮಳೆ ಇಲ್ಲದೆ ಬರೀ ಗುಡುಗು ಸಿಡಿಲಿಗೇ ಎಣಿಕೆ ಏರಿದರೆ ತಂತಿ ಉದ್ದ ಆಗಿದೆ ಅಂತ. ಮೋಟು ಮಾಡಿ, ಎಣಿಸೋ ಪಿನ್ನಿಂದ 3.3 ವೋಲ್ಟಿಗೆ 10 ಕಿಲೋಓಮ್ ರೆಸಿಸ್ಟರ್ (ಪುಲ್ ಅಪ್ ಅಂತಾರೆ), ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕಲಿ.

ಕರೆಂಟ್ ಹೋದರೆ ಎಣಿಕೆ ಸೊನ್ನೆ ಆಗುತ್ತೆ, ನಮ್ಮ ಕಡೆ ಅದು ದಿನದ ಕಥೆ. ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಗೆ ಬರೆಸಬೇಕು, ಆದರೆ ಸೆಕೆಂಡಿಗೊಂದು ಸಲ ಅಲ್ಲ, ಹತ್ತು ನಿಮಿಷಕ್ಕೊಮ್ಮೆ ಸಾಕು. ಬರೆದಷ್ಟೂ ಫ್ಲ್ಯಾಶ್ ಸವೆಯುತ್ತೆ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಗ್ಗೆ 8.30ರಿಂದ 8.30ಕ್ಕೆ. ಇಂಟರ್ನೆಟ್ಟಿಂದ ಬರೋ ಸಮಯ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ, 19800 ಸೆಕೆಂಡ್ ಕೂಡಿಸೋದು ಮರೆತರೆ ಇವತ್ತಿನ ಮಳೆ ನಿನ್ನೆಯ ಪಟ್ಟಿಗೆ ಸೇರುತ್ತೆ.

ಆಲಿಕೆಗೆ ಜಾಲರಿ ಹಾಕಿ ವಾರಕ್ಕೊಮ್ಮೆ ಸಿಲ್ವರ್ ಓಕ್ ಎಲೆ ತೆಗೀಬೇಕು. ಇರುವೆ ಗೂಡು ಕಟ್ಟೋದು ಖಚಿತ. ಆಷಾಢದ ಜಡಿಮಳೆಗೆ ಇದು ಕೈಯಳತೆಗಿಂತ ಕಮ್ಮಿ ತೋರಿಸುತ್ತೆ, ಬಟ್ಟಲು ವಾಲೋ ಹೊತ್ತಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗಲ್ಲ. ಅದಕ್ಕೇ ಹಳೇ ಗೇಜನ್ನ ಪಕ್ಕದಲ್ಲೇ ಇಟ್ಟು, ಎರಡರ ಅಂಕಿಯನ್ನೂ ದಿನಾ ಬರೆಯಲಿ. ವ್ಯತ್ಯಾಸ ಯಾಕೆ ಬಂತು ಅಂತ ಅವಳು ಬರೆಯೋ ಎರಡು ಸಾಲು ಯಾವ ಕೋರ್ಸಿನ ಸರ್ಟಿಫಿಕೇಟಿಗಿಂತಲೂ ಮೇಲು ಅಂತ ನಾನಂತೂ ಎಣಿಸ್ತೀನಿ. ಕೋಡನ್ನ ಮೊದಲ ದಿನದಿಂದಲೇ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡೋ ಸಾಫ್ಟ್‌ವೇರ್) ಇಡಲಿ.

ಮಾಡಬಾರದ್ದು ಒಂದಿದೆ. ಇದು ಮುಗಿದ ಹುರುಪಲ್ಲಿ ಪಂಪ್‌ಸೆಟ್ಟಿಗೆ ರಿಲೇ (ಬೋರ್ಡಿಂದಲೇ ಆನ್ ಆಫ್ ಮಾಡೋ ಸ್ವಿಚ್ಚು) ಹಾಕ್ತೀನಿ ಅಂತಾಳೆ. ಸ್ಟಾರ್ಟರ್ ಡಬ್ಬಿಯೊಳಗೆ ಇರೋದು ತ್ರೀ ಫೇಸ್, 415 ವೋಲ್ಟ್. ಎಲೆಕ್ಟ್ರಿಷಿಯನ್ ಇಲ್ಲದೆ ಅದನ್ನ ಮುಟ್ಟೋ ಹಾಗಿಲ್ಲ.

ಎಸ್‌ಎಸ್‌ಎಲ್‌ಸಿ ಆದಮೇಲೆ ಎರಡು ದಾರಿ. ಪಿಯುಸಿ ಸೈನ್ಸ್ ಮಾಡಿ ಸಿಇಟಿ ಬರೆದರೆ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಎಐಟಿ (ಆದಿಚುಂಚನಗಿರಿ ಎಂಜಿನಿಯರಿಂಗ್ ಕಾಲೇಜು) ಎರಡೂ ಮನೆಗೆ ಹತ್ತಿರ. ಬಿಚ್ಚಿ ಜೋಡಿಸೋ ಕೈಗೆ ಮೂರು ವರ್ಷದ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹೆಚ್ಚು ಹಿಡಿಸಬಹುದು. ಆಮೇಲೆ ಡಿಸಿಇಟಿ (ಡಿಪ್ಲೊಮಾದವರ ಸಿಇಟಿ) ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾದವರಿಗೆ ಬೆಂಗಳೂರೊಂದೇ ಗತಿಯೂ ಅಲ್ಲ. ಇಸ್ರೋದ ಭೂಸ್ಥಿರ ಉಪಗ್ರಹಗಳನ್ನ ನಿಯಂತ್ರಿಸೋ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಇರೋದು ಹಾಸನದಲ್ಲೇ, ಇಸ್ರೋದ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಕೇಳೋದು ಫಸ್ಟ್ ಕ್ಲಾಸ್ ಡಿಪ್ಲೊಮಾ. ಯಾವ ದಾರಿ ಹಿಡಿದರೂ ಗಣಿತ ಮಾತ್ರ ಕೈಬಿಡೋಕೆ ಬಿಡಬೇಡಿ. ಡಿಪ್ಲೊಮಾದಿಂದ ಎರಡನೇ ವರ್ಷಕ್ಕೆ ನೇರ ಸೇರಿದವರು ಒದ್ದಾಡೋದು ಹೆಚ್ಚಾಗಿ ಅಲ್ಲೇ.