ಮುಚ್ಚಿದ ಫ್ಯಾಕ್ಟರಿಯೊಳಗೆ ಸಂಸಾರ ಮಾಡ್ಬಹುದಾ?

ಪ್ರಶ್ನೆ: ಎಷ್ಟೋ ವರ್ಷದಿಂದ ಪಾಳು ಬಿದ್ದಿರೋ ಕಾರ್ಖಾನೆಗಳನ್ನ ಕೆಡವದೇನೇ ಅದರೊಳಗೆ ಮನೆ, ಆಫೀಸು, ಅಂಗಡಿ ಎಲ್ಲಾ ಮಾಡ್ತಾರಂತಲ್ಲ ಸಾರ್, ನೆಲಸಮ ಮಾಡಿ ಹೊಸದಾಗಿ ಕಟ್ಟೋದೇ ಸುಲಭ ಅಲ್ವಾ? ಅಂಥಾ ಕಡೆ ವಾಸ ಮಾಡೋದು ಸೇಫಾ?

ಉತ್ತರ: ಸೇಫಾ ಅನ್ನೋದನ್ನೇ ಮೊದಲು ತಗೊಳ್ತೀನಿ. ಕಟ್ಟಡ ಎಷ್ಟೇ ಗಟ್ಟಿ ಇರ್ಲಿ, ಮಣ್ಣಿನ ಪರೀಕ್ಷೆ ಆಗೋವರೆಗೂ ಏನೂ ಹೇಳೋಕಾಗಲ್ಲ, ಯಾಕಂದ್ರೆ ಫ್ಯಾಕ್ಟರಿ ನಡೀತಿದ್ದಾಗ ಸೋರಿದ ಎಣ್ಣೆ, ಟಾರು, ಸೀಸ ಎಲ್ಲಾ ನೆಲಕ್ಕೇ ಇಂಗಿರುತ್ತೆ, ಮೇಲಿನ ಗೋಡೆ ಕೆಡವಿದ್ರೆ ಅದೇನೂ ಹೋಗಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಊರಿಗೆಲ್ಲಾ ಗ್ಯಾಸ್ ಕೊಡ್ತಿದ್ದ ಘಟಕ 1956ರಲ್ಲಿ ನಿಂತೋಯ್ತು. ರಿಚರ್ಡ್ ಹಾಗ್ ಅನ್ನೋ ವಿನ್ಯಾಸಕಾರರು ಅಲ್ಲಿನ ಹಳೇ ಗೋಪುರಗಳನ್ನ ಉಳಿಸ್ಕೊಂಡು, ಮಣ್ಣಿಗೆ ಚರಂಡಿ ಗಸಿ, ಮರದ ಹೊಟ್ಟು ಬೆರೆಸಿ, ಬ್ಯಾಕ್ಟೀರಿಯಾನೇ ವಿಷ ತಿಂದು ಅರಗಿಸ್ಲಿ ಅಂತ ಬಿಟ್ಟು, 1975ರಲ್ಲಿ ಅದು ಪಾರ್ಕ್ ಆಯ್ತು. ಒಳ್ಳೇ ಉಪಾಯಾನೇ, ಆದ್ರೂ 1984ರಲ್ಲಿ ಮತ್ತೆ ಮಾಲಿನ್ಯದ ಪರೀಕ್ಷೆ ಅಂತ ಕೆಲಕಾಲ ಬಾಗಿಲು ಹಾಕ್ಬೇಕಾಯ್ತು. ಪಾರ್ಕಿಗೇ ಈ ಗತಿ, ಇನ್ನು ಮನೆ ಅಂದ್ರೆ ಕೇಳ್ಬೇಕಾ.

ಕೆಡವೋ ವಿಷಯಕ್ಕೆ ಬಂದ್ರೆ, ಈ ಕಟ್ಟಡಗಳು ದೊಡ್ಡ ಮಶಿನ್‌ಗಳ ಭಾರ ಹೊರೋಕೆ ಅಂತಾನೇ ಕಟ್ಟಿರೋವು, ನಡುವೆ ಗೋಡೆ ಕಮ್ಮಿ, ಒಳಗೆ ಹೆಂಗೆ ಬೇಕಾದ್ರೂ ಪಾರ್ಟಿಷನ್ ಹಾಕ್ಕೋಬಹುದು. ಆದ್ರೆ ಎಲ್ಲಾ ಕಟ್ಟಡಾನೂ ಇಷ್ಟು ಸಲೀಸಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1899ರ ಹೊತ್ತಿಗೆ ಕಟ್ಟಿ ಮುಗಿಸಿದ ನಾಲ್ಕು ಗ್ಯಾಸ್ ಟ್ಯಾಂಕುಗಳಿವೆ, ಒಂದೊಂದೂ ಸುಮಾರು 70 ಮೀಟರ್ ಎತ್ತರದ ದುಂಡನೆ ಇಟ್ಟಿಗೆ ಗೋಡೆ. ಪಾರಂಪರಿಕ ಕಟ್ಟಡ ಆದ್ರಿಂದ ಆ ಗೋಡೆ ಕೆಡವೋ ಹಾಗಿಲ್ಲ, ಒಳಗಿನ ಮನೆಗಳಿಗೆ ಬೆಳಕು ಎಲ್ಲಿಂದ ತರೋದು? ಹೆಚ್ಚಿನವುಗಳಲ್ಲಿ ನಡುವೆ ತೊಟ್ಟಿಮನೆ ಥರ ಅಂಗಳ ಬಿಟ್ಟು ಬೆಳಕು ತಗೊಂಡ್ರು. 2001ಕ್ಕೆ ಕೆಲಸ ಮುಗೀತು, ಮೇಲೆ ಮನೆ, ನಡುವೆ ಆಫೀಸು, ಕೆಳಗೆ ಮಾಲು, ಒಂದ್ರಲ್ಲಿ ಸ್ಟೂಡೆಂಟ್ ಹಾಸ್ಟೆಲ್ಲು. ಆಮೇಲಾಮೇಲೆ ಮಾಲ್ ಸೊರಗ್ತು, ಮನೆಗಳಲ್ಲಿ ಮಾತ್ರ ಜನ ಇದ್ದೇ ಇದ್ದಾರೆ. ಅದಕ್ಕೇ ಬರೀ ಮಾಲು-ಆಫೀಸು ತುಂಬಿಸೋ ಪ್ಲಾನ್‌ಗಳ ಮೇಲೆ ನನಗೆ ನಂಬಿಕೆ ಕಮ್ಮಿ, ರಾತ್ರಿ ಎಂಟಾದ್ರೆ ನರಪಿಳ್ಳೆ ಇರಲ್ಲ.

ಸುಲಭಾನಾ ಅಂತ ಕೇಳಿದ್ರಿ. ಅಲ್ಲ. ಹಳೇ ಛಾವಣಿಯಲ್ಲಿ ಆಸ್ಬೆಸ್ಟಾಸ್ (ಉಸಿರಲ್ಲಿ ಒಳಗೆ ಹೋದ್ರೆ ಶ್ವಾಸಕೋಶ ಕೆಡಿಸೋ ನಾರು) ಇದ್ರೆ ಅದನ್ನ ತೆಗೆಯೋದೇ ಒಂದು ಪ್ರತ್ಯೇಕ ಕೆಲಸ. ನೀವು ಇಂಥಾ ಕಡೆ ಮನೆ ನೋಡ್ತಿದ್ರೆ, ಮಾರೋರು ಕೆಂಪಿಟ್ಟಿಗೆ ಗೋಡೆ, ಕಬ್ಬಿಣದ ತೊಲೆ ತೋರಿಸೋಕೆ ಮುಂಚೇನೇ ಮಣ್ಣು ಮತ್ತೆ ಅಂತರ್ಜಲದ ರಿಪೋರ್ಟ್ ಕೇಳಿ, ಅಲ್ಲಿ ಮುಂಚೆ ಏನು ತಯಾರಾಗ್ತಿತ್ತು ಅಂತಾನೂ ಕೇಳಿ.