ಸೆಮಿಕೋಲನ್ (;) ಒಂದೇ ಬಿಟ್ಟಿದ್ದು, ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ತಂತ್ರಾಂಶ) 30 ಎರರ್ ಯಾಕೆ ತೋರಿಸುತ್ತೆ? ಆಫೀಸಿನಲ್ಲಿ ಯಾರನ್ನ ಹೇಗೆ ಕೇಳೋದು?

ಮೊದಲ ಎರರ್ ಒಂದನ್ನೇ ಓದಿ, ಉಳಿದವನ್ನು ಸದ್ಯಕ್ಕೆ ಬಿಡಿ. ಅದು ಬಗೆಹರಿಯದಿದ್ದರೆ ಅದನ್ನಷ್ಟೇ ಹಿಡಿದು ಕೇಳಿ.

ಕಲಬುರಗಿಯಿಂದ ಬೀದರಿಗೆ ಹೊರಟವರು ಹುಮನಾಬಾದಿನಲ್ಲಿ ಬಸವಕಲ್ಯಾಣದ ಕಡೆ ತಿರುಗಿದರೆ ಮುಂದೆ ಬರುವ ಊರೆಲ್ಲ ತಪ್ಪೇ. ಆದರೆ ತಪ್ಪಿದ್ದು ಒಂದೇ ತಿರುವು. ಕಂಪೈಲರ್ ಕೂಡ ಹಾಗೆ: ಒಮ್ಮೆ ವಾಕ್ಯರಚನೆ ಕೈತಪ್ಪಿತೆಂದರೆ ಮುಂದಿನ ಸರಿ ಸಾಲುಗಳನ್ನೂ ತಪ್ಪಾಗಿ ಓದುತ್ತದೆ. ಸಿ ಭಾಷೆಯಲ್ಲಿ 41ನೇ ಸಾಲಿನ ಕೊನೆಗೆ ಸೆಮಿಕೋಲನ್ ಇಲ್ಲದಿದ್ದರೆ, 42ರಲ್ಲಿ ಹೊಸ ಪದ ಎದುರಾದಾಗಲೇ ಅದಕ್ಕೆ ಗೊತ್ತಾಗುವುದು. ಹಾಗಾಗಿ ಕೆಲವು ಕಂಪೈಲರ್‌ಗಳು 42 ಎಂದೇ ತೋರಿಸುತ್ತವೆ. ಒಂದು ಸಾಲು ಮೇಲೆ ನೋಡುವ ರೂಢಿ ಇಟ್ಟುಕೊಳ್ಳಿ. ಜಿಸಿಸಿ ಎಂಬ ಸಿ ಕಂಪೈಲರ್‌ಗೆ ‘-ಡಬ್ಲ್ಯೂಫೇಟಲ್-ಎರರ್ಸ್’ (-Wfatal-errors) ಎಂಬ ಆಯ್ಕೆ ಕೊಟ್ಟರೆ ಮೊದಲ ಎರರ್‌ಗೇ ನಿಲ್ಲುತ್ತದೆ.

‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದರೆ ಮಾತು ಬೇರೆ. ಅದು ಲಿಂಕರ್‌ನ ದೂರು, ಅಂದರೆ ತುಂಡುಗಳನ್ನು ಜೋಡಿಸುವ ಹಂತದ್ದು. ಲೈಬ್ರರಿ, ಅಂದರೆ ಸಿದ್ಧ ಫಂಕ್ಷನ್‌ಗಳ ಸಂಗ್ರಹ, ಸೇರಿಸಿದ್ದೀರಾ ನೋಡಿ. ಗಣಿತದ ಫಂಕ್ಷನ್ ಆದರೆ ಲಿನಕ್ಸ್‌ನಲ್ಲಿ ಕಮಾಂಡಿನ ಕೊನೆಗೆ ‘-ಎಲ್‌ಎಂ’ (-lm) ಬೇಕಾಗಬಹುದು.

ಬೆಂಗಳೂರಿನಲ್ಲಿರುವ ಸೀನಿಯರ್‌ಗೆ ಚಾಟ್ ಮಾಡುವಾಗ ಸ್ಕ್ರೀನಿನ ಫೋಟೊ ಬೇಡ, ಅದರಿಂದ ಕಾಪಿ ಮಾಡಿ ಹುಡುಕಲಾಗದು. ಎರರ್‌ನ ಪೂರ್ತಿ ಪಠ್ಯ, ಆಚೀಚೆಯ ಐದಾರು ಸಾಲು ಕೋಡ್, ಕಂಪೈಲರ್ ಆವೃತ್ತಿ ಕಳಿಸಿ. ಕೊನೆಯ ಬಾರಿ ಸರಿಯಾಗಿ ಬಿಲ್ಡ್ ಆದ ಮೇಲೆ ಏನು ಬದಲಿಸಿದಿರಿ ಎಂಬುದನ್ನೂ ಬರೆಯಿರಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.